ಮಾಹಿಮ್‌ನ ಸಿಹಿನೀರು, ಇರ್ಲಾದ ಹನಿ

2006ರ ಆಗಸ್ಟ್ 18, ಶುಕ್ರವಾರ. ಸಂಜೆಯ ಹೊತ್ತಿಗೆ ಮಾಹಿಮ್ ಕಡಲತೀರದಿಂದ ಒಂದು ಸುದ್ದಿ ಹೊರಟಿತು: ಸಮುದ್ರದ ನೀರು ಸಿಹಿಯಾಗಿದೆ. ರಾತ್ರಿಯಾಗುವಷ್ಟರಲ್ಲಿ ಅದು ಮುಂಬೈಯ ಉಪನಗರಗಳನ್ನೆಲ್ಲ ಸುತ್ತಿತ್ತು. ಮಖ್ದೂಮ್ ಶಾ ಬಾಬಾರ ದರ್ಗಾದ ಸಮೀಪದ ಆ ದಂಡೆಗೆ ಸಾವಿರಾರು ಜನ ಬಂದರು. ಕೈಯಲ್ಲಿ ಬಾಟಲಿ, ಕೊಡ, ಪ್ಲಾಸ್ಟಿಕ್ ಚೀಲ. ಮೊಣಕಾಲಿನವರೆಗೆ ನೀರಿಗಿಳಿದು ಬೊಗಸೆಯಲ್ಲಿ ಮೊಗೆದು ಕುಡಿದರು. ಮಕ್ಕಳಿಗೂ ಕುಡಿಸಿದರು. ಮನೆಯಲ್ಲಿ ಮಲಗಿದ್ದ ರೋಗಿಗಳಿಗೆಂದು ತುಂಬಿಕೊಂಡು ಹೋದರು. ಬಾಬಾರ ಕೃಪೆಯಿಂದ ಹೀಗಾಗಿದೆ ಎಂಬುದು ಅಲ್ಲಿ ನೆರೆದವರಲ್ಲಿ ಹಲವರ ನಂಬಿಕೆಯಾಗಿತ್ತು.

ಆ ನೀರು ಎಲ್ಲಿಂದ ಬರುತ್ತದೆ ಎಂಬುದು ಮುಂಬೈಯವರಿಗೆ ಗೊತ್ತಿಲ್ಲದ ವಿಷಯವಲ್ಲ. ವಿಹಾರ್ ಮತ್ತು ಪವಾಯಿ ಕೆರೆಗಳು ತುಂಬಿ ಹರಿದ ನೀರು ಮಿಠಿ ನದಿಯಾಗಿ ಕುರ್ಲಾ, ಧಾರಾವಿಯ ಅಂಚನ್ನು ಸವರಿಕೊಂಡು, ದಾರಿಯುದ್ದದ ಚರಂಡಿ ಮತ್ತು ವರ್ಕ್‌ಶಾಪುಗಳ ಕೊಳೆಯನ್ನೆಲ್ಲ ಹೊತ್ತು ಮಾಹಿಮ್ ಅಳಿವೆಯಲ್ಲಿ ಕಡಲು ಸೇರುತ್ತದೆ. ಸಿಹಿನೀರಿನ ಸುದ್ದಿಗಿಂತ ಒಂದು ವರ್ಷ ಹಿಂದೆ, 2005ರ ಜುಲೈ 26ರಂದು, ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಇದೇ ಮಿಠಿ ಉಕ್ಕಿ ಊರನ್ನು ಮುಳುಗಿಸಿತ್ತು. ಆಗ ಮನೆಯೊಳಗೆ ನುಗ್ಗಿದ ನೀರನ್ನು ಮೂಗು ಮುಚ್ಚಿಕೊಂಡು ಹೊರಹಾಕಿದ ಊರು, ಹದಿಮೂರು ತಿಂಗಳ ಬಳಿಕ ಅದೇ ನದಿಯ ಮುಖದಲ್ಲಿ ನಿಂತು ನೀರು ಕುಡಿಯಿತು.

ಮಹಾನಗರಪಾಲಿಕೆ, ಮಾಲಿನ್ಯ ನಿಯಂತ್ರಣ ಮಂಡಳಿ ಎರಡೂ ಕುಡಿಯಬೇಡಿ ಎಂದು ಎಚ್ಚರಿಸಿದವು. ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಐಐಟಿ ಬಾಂಬೆಯ ಭೂವಿಜ್ಞಾನಿಗಳು ಒಂದು ವಿವರಣೆ ಕೊಟ್ಟರು: ಮಳೆಗಾಲದಲ್ಲಿ ಬಂಡೆಯ ಬಿರುಕುಗಳಲ್ಲಿ ತುಂಬಿಕೊಂಡ ಸಿಹಿನೀರು ಕಡಲತಳದ ಕಡೆಯಿಂದ ಹೊರಬಂದಿದೆ. ಉಪ್ಪುನೀರಿಗಿಂತ ಸಿಹಿನೀರು ಹಗುರ, ಆದ್ದರಿಂದ ಮೇಲ್ಪದರದಲ್ಲಿ ತೇಲುತ್ತದೆ. ಮೇಲಿನಿಂದ ಮೊಗೆದವರಿಗೆ ಉಪ್ಪು ತಗಲುವುದಿಲ್ಲ. ಮರುದಿನದ ಹೊತ್ತಿಗೆ ನೀರು ಮತ್ತೆ ಉಪ್ಪಾಗತೊಡಗಿತ್ತು. ಗುಜರಾತಿನ ವಲಸಾಡ್ ಬಳಿಯ ತೀಥಲ್ ತೀರದಿಂದಲೂ ಅದೇ ದಿನಗಳಲ್ಲಿ ಇಂಥದೇ ಸುದ್ದಿ ಬಂತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ನೀರು ಉಪ್ಪಿಲ್ಲ ಎಂದವರು ಸುಳ್ಳು ಹೇಳಿರಲಿಲ್ಲ. ಅವರ ನಾಲಗೆ ಸರಿಯಾಗಿಯೇ ಹೇಳಿತ್ತು. ರುಚಿ ನೋಡದೆಯೇ ‘ಅದೆಲ್ಲ ಭ್ರಮೆ’ ಎಂದು ತಳ್ಳಿಹಾಕಿದವರು ತಪ್ಪಿದ್ದರು. ನೀರು ಉಪ್ಪಿಲ್ಲ ಎಂಬುದರಿಂದ ಅದು ಪವಾಡ ಎಂಬಲ್ಲಿಗೆ, ಪವಾಡ ಎಂಬುದರಿಂದ ಅದು ಔಷಧಿ ಎಂಬಲ್ಲಿಗೆ ಜಿಗಿದವರೂ ತಪ್ಪಿದ್ದರು. ಕಂಡದ್ದನ್ನು ಒಪ್ಪಿಕೊಂಡು, ಕಾರಣವನ್ನು ಮಾತ್ರ ವಿಚಾರಿಸುವ ಒಂದು ದಾರಿ ಈ ಎರಡರ ನಡುವೆ ಇದೆ. ಮುಂಬೈಯಂಥ ಊರಿಗೆ ಆ ದಾರಿ ಬಹಳ ಬೇಕು. ಇಲ್ಲಿ ವದಂತಿ ಲೋಕಲ್ ರೈಲಿನ ವೇಗದಲ್ಲಿ ಓಡುತ್ತದೆ.

ಒಂದು ಚಮಚ ಹಾಲು

ಮಾಹಿಮ್ ತಣ್ಣಗಾಗುವ ಮೊದಲೇ, ಆಗಸ್ಟ್ 20 ಮತ್ತು 21ರಂದು, ಉತ್ತರ ಪ್ರದೇಶದಿಂದ ಇನ್ನೊಂದು ಸುದ್ದಿ ಹರಡಿತು. ದೇವರ ಮೂರ್ತಿಗಳು ಹಾಲು ಕುಡಿಯುತ್ತಿವೆ ಎಂದು. ವಯಸ್ಸಾದವರಿಗೆ ಅದು ಹಳೆಯ ನೆನಪು. 1995ರ ಸೆಪ್ಟೆಂಬರ್ 21, ಗುರುವಾರ, ಬೆಳಗಿನ ಜಾವ ದೆಹಲಿಯ ದೇವಸ್ಥಾನವೊಂದರಿಂದ ಶುರುವಾದದ್ದು ಮಧ್ಯಾಹ್ನದೊಳಗೆ ದೇಶವಿಡೀ ವ್ಯಾಪಿಸಿತ್ತು. ಆಗ ಮೊಬೈಲ್ ಇನ್ನೂ ಮನೆಮನೆಗೆ ಬಂದಿರಲಿಲ್ಲ. ಲ್ಯಾಂಡ್‌ಲೈನಿನಲ್ಲೇ ಸುದ್ದಿ ಓಡಿತು. ಮುಂಬೈಯಲ್ಲೂ ಗಣಪತಿ ಗುಡಿಗಳ ಮುಂದೆ ಲೋಟ ಚಮಚ ಹಿಡಿದ ಜನರ ಸಾಲು ಬೆಳೆಯಿತು. ಲಂಡನ್ನಿನ ಹಿಂದೂ ದೇವಸ್ಥಾನಗಳಲ್ಲೂ ಅದೇ ದಿನ ಅದೇ ದೃಶ್ಯ.

ಆ ದಿನ ಚಮಚ ಹಿಡಿದ ಕೋಟ್ಯಂತರ ಕೈಗಳು ಅನುಭವಿಸಿದ್ದು ನಿಜವೇ. ಹಾಲು ಖಾಲಿಯಾಗುತ್ತಿತ್ತು. ಹೇಗೆ ಎಂಬುದನ್ನು ಯಾರು ಬೇಕಾದರೂ ಮನೆಯಲ್ಲಿ ನೋಡಬಹುದು. ಚಮಚದ ತುಂಬ ಹಾಲು ತುಂಬಿದಾಗ ಅದರ ಮೇಲ್ಮೈ ಅಂಚಿಗಿಂತ ತುಸು ಉಬ್ಬಿ ನಿಲ್ಲುತ್ತದೆ. ಮೇಲ್ಮೈ ಕರ್ಷಣ ಅದನ್ನು ಹಿಡಿದಿಟ್ಟಿರುತ್ತದೆ. ಆ ಉಬ್ಬು ಕಲ್ಲಿನ ಸೊಂಡಿಲಿಗೆ ತಾಗಿದ ತಕ್ಷಣ ಹಾಲು ಕಲ್ಲಿನ ಕಡೆಗೆ ಎಳೆಯಲ್ಪಡುತ್ತದೆ. ಭಕ್ತಿಯಿಂದ ಹಿಡಿದ ಕೈ ತನಗೇ ತಿಳಿಯದಂತೆ ಚಮಚವನ್ನು ಕೂದಲೆಳೆಯಷ್ಟು ಬಾಗಿಸುತ್ತದೆ. ಆಮೇಲೆ ಹಾಲು ಮೂರ್ತಿಯ ಮೈಮೇಲೆ ತೆಳುಪೊರೆಯಾಗಿ ಇಳಿಯುತ್ತದೆ. ಅಮೃತಶಿಲೆ ಬಿಳಿ, ಹಾಲೂ ಬಿಳಿ, ಮೂರ್ತಿ ಆಗಲೇ ಒದ್ದೆ. ಇಳಿಯುವುದು ಕಣ್ಣಿಗೆ ಬೀಳುವುದಿಲ್ಲ.

ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವಿಜ್ಞಾನಿಗಳು ದೆಹಲಿಯ ದೇವಸ್ಥಾನಕ್ಕೆ ಹೋಗಿ ಮಾಡಿದ್ದು ಇಷ್ಟೆ: ಹಾಲಿಗೆ ಬಣ್ಣ ಬೆರೆಸಿದರು. ಬಣ್ಣದ ಹಾಲು ಚಮಚದಿಂದ ಹೊರಟು ಮೂರ್ತಿಯ ಎದೆ ಹೊಟ್ಟೆಯ ಮೇಲೆ ಹರಿದು ಕೆಳಗಿಳಿಯುವುದು ಎಲ್ಲರಿಗೂ ಕಂಡಿತು. ದೇವರ ಬಗ್ಗೆ ಅವರು ಒಂದು ಮಾತನ್ನೂ ಆಡಬೇಕಾಗಿರಲಿಲ್ಲ. ಹಾಲು ಎಲ್ಲಿಗೆ ಹೋಯಿತು ಎಂಬುದಷ್ಟೇ ಪ್ರಶ್ನೆ, ಅದಕ್ಕೆ ಉತ್ತರ ಕಣ್ಣೆದುರೇ ಇತ್ತು.

ಶಿಲುಬೆಯ ಕೆಳಗಿನ ಚರಂಡಿ

ಹೀಗೆ ಹೋಗಿ ನೋಡಿದವರಿಗೆ ಊರು ಯಾವಾಗಲೂ ಕೃತಜ್ಞವಾಗಿರುವುದಿಲ್ಲ. 2012ರ ಮಾರ್ಚ್‌ನಲ್ಲಿ ವಿಲೇ ಪಾರ್ಲೆ ಪಶ್ಚಿಮದ ಇರ್ಲಾದಲ್ಲಿ, ವೇಲಾಂಕಣಿ ಮಾತೆಯ ಚರ್ಚಿನ ಶಿಲುಬೆಯ ಮೇಲಿದ್ದ ಯೇಸುವಿನ ಪಾದದಿಂದ ನೀರು ಹನಿಯತೊಡಗಿತು. ಜನ ಸೇರಿದರು, ಪ್ರಾರ್ಥಿಸಿದರು, ಹನಿಗಳನ್ನು ಸಂಗ್ರಹಿಸಿದರು. ಟಿವಿ ವಾಹಿನಿಯೊಂದರ ಆಹ್ವಾನದ ಮೇಲೆ ಇಂಡಿಯನ್ ರ‍್ಯಾಷನಲಿಸ್ಟ್ ಅಸೋಸಿಯೇಷನ್‌ನ ಅಧ್ಯಕ್ಷ ಸನಲ್ ಇಡಮರುಕು ದೆಹಲಿಯಿಂದ ಬಂದು ಸ್ಥಳ ನೋಡಿದರು.

ಅವರು ಮೊದಲು ನೋಡಿದ್ದು ಶಿಲುಬೆಯ ಹಿಂದಿನ ಗೋಡೆಯನ್ನು ಮತ್ತು ಬುಡವನ್ನು. ಗೋಡೆ ಒದ್ದೆಯಾಗಿತ್ತು. ಅಲ್ಲೇ ಹತ್ತಿರದ ಶೌಚಾಲಯದ ಕಡೆಯಿಂದ ಬರುವ ಚರಂಡಿಯಲ್ಲಿ ನೀರು ಕಟ್ಟಿ ನಿಂತಿತ್ತು. ನಿಂತ ನೀರು ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ, ಶಿಲುಬೆಯನ್ನು ಸೇರಿ, ಮೂರ್ತಿಯ ಪಾದದಲ್ಲಿ ಹನಿಯಾಗಿ ಹೊರಬರುತ್ತಿತ್ತು ಎಂದು ಅವರು ಛಾಯಾಚಿತ್ರಗಳ ಸಮೇತ ವಿವರಿಸಿದರು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವುದೂ ಇದೇ ತತ್ತ್ವದಿಂದ. ಜನ ಭಕ್ತಿಯಿಂದ ಬಾಯಿಗೆ ಹಾಕಿಕೊಳ್ಳುತ್ತಿದ್ದ ಹನಿಯ ಮೂಲ ಚರಂಡಿ ಎಂಬುದನ್ನು ಕೂಡಲೇ ಹೇಳಬೇಕಿತ್ತು, ಹೇಳಿದರು. ಅದು ಆರೋಗ್ಯದ ಪ್ರಶ್ನೆ.

ಮುಂದಿನದ್ದು ಟಿವಿ ಸ್ಟುಡಿಯೋದಲ್ಲಿ ನಡೆಯಿತು. ಚರ್ಚೆ ಚರಂಡಿಯಿಂದ ಹೊರಟು ಚರ್ಚಿನ ಇತಿಹಾಸಕ್ಕೆ, ಹಣಕ್ಕೆ, ಪೋಪ್‌ ಅವರಿಗೆ ಹೋಯಿತು. ತಾವು ಪವಾಡವೆಂದು ಘೋಷಿಸಿಯೇ ಇಲ್ಲ ಎಂಬುದು ಚರ್ಚಿನ ಕಡೆಯವರ ನಿಲುವು. ಧಾರ್ಮಿಕ ಭಾವನೆಗೆ ಧಕ್ಕೆ ತಂದಿದ್ದಾರೆಂದು ಕೆಲವು ಕ್ಯಾಥೊಲಿಕ್ ಸಂಘಟನೆಗಳು ಭಾರತೀಯ ದಂಡ ಸಂಹಿತೆಯ 295ಎ ಕಲಮಿನಡಿ ಮುಂಬೈಯ ಪೊಲೀಸರಿಗೆ ದೂರು ಕೊಟ್ಟವು. ಬಂಧನದ ಭೀತಿಯಲ್ಲಿ ಇಡಮರುಕು ಅದೇ ವರ್ಷ ಫಿನ್ಲೆಂಡಿಗೆ ಹೊರಟುಹೋದರು.

ಸ್ಟುಡಿಯೋದ ಮಾತು ಖಾರವಾಗಿದ್ದಿರಬಹುದು. ಆದರೆ ಗೋಡೆಯ ತೇವ ಯಾರ ಭಾವನೆಯನ್ನೂ ಕೇಳಿ ಮೇಲೇರಿರಲಿಲ್ಲ. ಆ ವಿವರಣೆ ತಪ್ಪೆಂದು ತೋರಿಸಬೇಕೆಂದಿದ್ದವರಿಗೆ ನೇರವಾದ ದಾರಿ ಇತ್ತು: ಚರಂಡಿ ದುರಸ್ತಿ ಮಾಡಿಸಿ, ಗೋಡೆ ಒಣಗಿಸಿ, ಹನಿ ಆಮೇಲೂ ಬೀಳುತ್ತದೆಯೇ ಎಂದು ನೋಡುವುದು. ಅದರ ಬದಲು ಪೊಲೀಸ್ ಠಾಣೆಯ ದಾರಿ ಹಿಡಿದದ್ದರಿಂದ ದೇಶ ಕಳೆದುಕೊಂಡದ್ದು ಒಬ್ಬ ವಿಚಾರವಾದಿಯನ್ನಷ್ಟೇ ಅಲ್ಲ. ಮುಂದೆ ಯಾವುದಾದರೂ ಗೋಡೆಯ ಹಿಂದೆ ಹೋಗಿ ನೋಡುವ ಧೈರ್ಯವನ್ನೂ ಅದು ಎಷ್ಟೋ ಜನರಿಂದ ಕಸಿದುಕೊಂಡಿತು.

ಸಂದರ್ಶನವೂ ಪರೀಕ್ಷೆಯೂ

ಪರೀಕ್ಷೆಗೆ ಒಪ್ಪಿ ನಿಂತವರೂ ಈ ಊರಿನಲ್ಲಿದ್ದರು. 1966ರ ಜೂನ್‌ನಲ್ಲಿ ಎಲ್. ಎಸ್. ರಾವ್ ಎಂಬ ಹಠಯೋಗಿ ನೀರಿನ ಮೇಲೆ ನಡೆದು ತೋರಿಸುತ್ತೇನೆಂದು ಬೊಂಬಾಯಿಯಲ್ಲಿ ಸಾರಿದರು. ಗಾಜು, ಮೊಳೆ ನುಂಗುವ ಪ್ರದರ್ಶನಗಳಿಂದ ಅವರು ಅಷ್ಟರಲ್ಲಿ ಹೆಸರಾಗಿದ್ದರು. ಆರ್. ಕೆ. ಕರಂಜಿಯಾ ಸಂಪಾದಕರಾಗಿದ್ದ ‘ಬ್ಲಿಟ್ಜ್’ ವಾರಪತ್ರಿಕೆ ಇದಕ್ಕೆ ಭಾರೀ ಪ್ರಚಾರ ಕೊಟ್ಟಿತು. ದುಬಾರಿ ಟಿಕೆಟ್ ಕೊಂಡು ನಗರದ ಗಣ್ಯರು ಸೇರಿದರು, ವಿದೇಶಿ ಪತ್ರಕರ್ತರೂ ಬಂದರು. ರಾವ್ ತೊಟ್ಟಿಯ ಅಂಚಿನಲ್ಲಿ ನಿಂತು ಪ್ರಾರ್ಥಿಸಿದರು, ಹೆಜ್ಜೆ ಇಟ್ಟರು, ನೇರ ಕೆಳಗಿಳಿದರು.

ರಾವ್ ಅವರನ್ನು ನೆನೆದು ನಗುವವರೇ ಹೆಚ್ಚು. ಆದರೆ ಅವರ ಪಾಲಿನ ಗೌರವವನ್ನು ಅವರಿಗೆ ಕೊಡಬೇಕು. ತಾನು ಏನು ಮಾಡಬಲ್ಲೆ, ಎಲ್ಲಿ, ಯಾವಾಗ, ಯಾರೆದುರು ಎಂದು ಅವರು ಮೊದಲೇ ಹೇಳಿದ್ದರು. ಸೋಲು ಗೆಲುವುಗಳಲ್ಲಿ ಯಾವುದು ಯಾವುದೆಂಬ ಬಗ್ಗೆ ನೋಡಿದ ಯಾರಿಗೂ ಅನುಮಾನ ಉಳಿಯಲಿಲ್ಲ. ಅಷ್ಟು ಸ್ಪಷ್ಟವಾಗಿ ಪರೀಕ್ಷೆಗೆ ಒಡ್ಡಿಕೊಂಡ ಸಿದ್ಧಪುರುಷರು ಆಮೇಲೆ ಹೆಚ್ಚು ಸಿಗುವುದಿಲ್ಲ.

ಹತ್ತು ವರ್ಷ ಕಳೆದು, ಅದೇ ‘ಬ್ಲಿಟ್ಜ್’ ಕನ್ನಡ ನಾಡಿನ ಒಂದು ದೊಡ್ಡ ವಾಗ್ವಾದಕ್ಕೆ ವೇದಿಕೆಯಾಯಿತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ವೈಜ್ಞಾನಿಕ ತನಿಖೆಗೆ ಒಂದು ಸಮಿತಿ ರಚಿಸಿದರು. ಗೌರಿಬಿದನೂರಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿ, ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು ಕಳೆದ ಮನುಷ್ಯ ಅವರು. ಗಾಂಧಿವಾದಿ. ತಮ್ಮ ಪುಸ್ತಕವೊಂದಕ್ಕೆ ಅವರಿಟ್ಟ ಹೆಸರು ‘ತೆರೆದ ಮನ’.

ಆ ಸಮಿತಿ ಮಂಡ್ಯ ಜಿಲ್ಲೆಯ ಪಾಂಡವಪುರಕ್ಕೆ ಹೋಗಿ, ಮೈಯಿಂದ ವಿಭೂತಿ ಸುರಿಸುತ್ತಾನೆಂದು ಹೆಸರಾಗಿದ್ದ ಬಾಲಕನೊಬ್ಬನನ್ನು ಪರಿಶೀಲಿಸಿತು. ವಿಭೂತಿ ಅವನ ಅಂಗಿಯೊಳಗೆ ಅಡಗಿಸಿಟ್ಟದ್ದು ಎಂದು ಕಂಡುಬಂತು. ಸತ್ಯಸಾಯಿಬಾಬಾ ಅವರಿಗೂ ನರಸಿಂಹಯ್ಯ ಒಂದರ ಮೇಲೊಂದು ಪತ್ರ ಬರೆದು, ವಿಭೂತಿ ಮತ್ತು ವಸ್ತುಗಳ ಸೃಷ್ಟಿಯನ್ನು ಸಮಿತಿಯ ಎದುರು ತೋರಿಸಬೇಕೆಂದು ಕೇಳಿಕೊಂಡರು. ಉತ್ತರ ಬರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರಂಜಿಯಾ ಸಾಯಿಬಾಬಾ ಅವರ ದೀರ್ಘ ಸಂದರ್ಶನ ಪ್ರಕಟಿಸಿದರು. ಇಂದ್ರಿಯಕ್ಕೆ ಸಿಗುವುದು ಮಾತ್ರ ವಿಜ್ಞಾನದ ವ್ಯಾಪ್ತಿ, ಅಧ್ಯಾತ್ಮ ಅದರಾಚೆಗಿನದು ಎಂಬುದು ಅಲ್ಲಿ ಬಾಬಾ ಕೊಟ್ಟ ಉತ್ತರದ ಸಾರ. ಅಲ್ಲಿಯವರೆಗೆ ಬಾಬಾರನ್ನು ಕಟುವಾಗಿ ಟೀಕಿಸುತ್ತಿದ್ದ ಕರಂಜಿಯಾ ಆ ಭೇಟಿಯಿಂದ ಬದಲಾದರು. ಮುಂದೆ ಅವರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

ಮನಸ್ಸು ಬದಲಿಸುವುದು ತಪ್ಪಲ್ಲ. ಬದಲಾಗಲು ಸಿದ್ಧವಿಲ್ಲದ ಮನಸ್ಸನ್ನು ತೆರೆದ ಮನಸ್ಸೆಂದು ಕರೆಯಲಾಗದು. ಯಾವ ಆಧಾರದ ಮೇಲೆ ಬದಲಾಯಿತು ಎಂಬುದೇ ಮುಖ್ಯ. ಒಬ್ಬರ ಮಾತು, ನಗು, ಎದುರಿಗೆ ಕುಳಿತಾಗ ಆಗುವ ಶಾಂತಿ ಇವೆಲ್ಲ ಆ ವ್ಯಕ್ತಿಯನ್ನು ಪ್ರೀತಿಸಲು ಸಾಕಷ್ಟು ಕಾರಣ. ಗಾಳಿಯಿಂದ ವಸ್ತು ಬಂತು ಎಂದು ಒಪ್ಪಲು ಸಾಕಷ್ಟು ಕಾರಣ ಅಲ್ಲ. ನರಸಿಂಹಯ್ಯ ಕೇಳಿದ್ದು ಈ ಎರಡನೆಯದನ್ನು ಮಾತ್ರ. ವಸ್ತು ಕೈಗೆ ಬರುತ್ತದೆ, ಕಣ್ಣಿಗೆ ಕಾಣುತ್ತದೆ ಎಂದ ಮೇಲೆ ಅದು ಇಂದ್ರಿಯಗಳ ವ್ಯಾಪ್ತಿಯೊಳಗೇ ಬಂತು. ಅಲ್ಲಿಗೆ ಬಂದ ಮೇಲೆ ಪರೀಕ್ಷೆ ಕೇಳುವುದು ಅಹಂಕಾರವಾಗುವುದಿಲ್ಲ. ನರಸಿಂಹಯ್ಯ ದೇಹ ಬಿಟ್ಟದ್ದು 2005ರ ಜನವರಿ 31ರಂದು. ಅವರು ಎತ್ತಿದ ಪ್ರಶ್ನೆ ಹಾಗೆಯೇ ಉಳಿದಿದೆ.

ಪಂಡಿತರು ಒಪ್ಪದ ಕಲ್ಲು

ಸಂದೇಹಿಸುವವರಿಗೂ ಇದೇ ಅಳತೆ ಅನ್ವಯಿಸಬೇಕು. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಆಕಾಶದಿಂದ ಕಲ್ಲು ಬೀಳುತ್ತದೆ ಎಂದು ಹಳ್ಳಿಗರು ಹೇಳುತ್ತಿದ್ದರು. ಪಂಡಿತರಲ್ಲಿ ಹೆಚ್ಚಿನವರು ಅದನ್ನು ಅಜ್ಜಿಕತೆ ಎಂದು ತಳ್ಳಿಹಾಕುತ್ತಿದ್ದರು. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಎಂಬಲ್ಲಿ ಸಾವಿರಾರು ಕಲ್ಲುಗಳು ಬಿದ್ದವು. ಯುವ ವಿಜ್ಞಾನಿ ಬಯೊ ಖುದ್ದಾಗಿ ಅಲ್ಲಿಗೆ ಹೋಗಿ, ಊರೂರು ಅಲೆದು, ಕಂಡವರ ಹೇಳಿಕೆ ಪಡೆದು, ಕಲ್ಲುಗಳು ಹರಡಿದ ಪ್ರದೇಶವನ್ನು ಗುರುತಿಸಿ ವರದಿ ಬರೆದರು. ಹಳ್ಳಿಗರು ಹೇಳಿದ್ದೇ ಸರಿ ಎಂದಾಯಿತು. ಪುರಾವೆ ಇಲ್ಲದ್ದೆಲ್ಲ ಸುಳ್ಳಾಗಿರಬೇಕಾಗಿಲ್ಲ. ಕೆಲವಕ್ಕೆ ಪುರಾವೆ ಇನ್ನೂ ಬಂದಿರುವುದಿಲ್ಲ, ಹುಡುಕಿಕೊಂಡು ಹೋಗಬೇಕಾಗುತ್ತದೆ.

ಮುಂಬೈಗೆ ಈ ಪಾಠ ಪ್ಲೇಗಿನ ಜೊತೆಗೆ ಬಂತು. 1896ರಲ್ಲಿ ಮಾಂಡವಿಯ ಓಣಿಗಳಲ್ಲಿ ಡಾ. ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದಾಗ ಅದನ್ನು ಒಪ್ಪಲು ಹಲವರು ಸಿದ್ಧರಿರಲಿಲ್ಲ. ಆಸ್ಪತ್ರೆಗೆ ಒಯ್ದವರನ್ನು ಕೊಲ್ಲುತ್ತಾರೆಂಬ ವದಂತಿ ಹಬ್ಬಿ, ಗಿರಣಿ ಕಾರ್ಮಿಕರ ಗುಂಪು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ಏರಿಹೋಯಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕೆಲವೇ ತಿಂಗಳಲ್ಲಿ ಲಸಿಕೆ ಸಿದ್ಧಪಡಿಸಿದ ವಾಲ್ಡೆಮಾರ್ ಹಾಫ್ಕಿನ್, 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡರು. ಆದರೆ ತನಗೆ ಏನೂ ಆಗಲಿಲ್ಲ ಎಂಬುದು ಲಸಿಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಸಾಕ್ಷಿಯಾಗದು ಎಂದು ಅವರಿಗೆ ಗೊತ್ತಿತ್ತು. ಅದೇ ತಿಂಗಳು ಬೈಕಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ, ಮುಂದೆ ಬಂದ ಕೈದಿಗಳಿಗೆ ಲಸಿಕೆ ಕೊಟ್ಟು, ಉಳಿದವರ ಜೊತೆ ಹೋಲಿಸಿ ನೋಡಿದರು. ಒಂದೇ ಜೈಲು, ಒಂದೇ ಊಟ, ಒಂದೇ ಗಾಳಿ. ಲಸಿಕೆ ಪಡೆದವರಲ್ಲಿ ರೋಗವೂ ಸಾವೂ ಎಷ್ಟೋ ಕಡಿಮೆ ಇತ್ತು.

ಆಗ ಬೊಂಬಾಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿಗೆ 1898ರಲ್ಲಿ ಪ್ಲೇಗ್ ನುಗ್ಗಿದಾಗ ಊರಿನ ಬಹುಪಾಲು ಜನ ಇದೇ ಲಸಿಕೆ ಹಾಕಿಸಿಕೊಂಡರು. ಪರಕೀಯ ಸರ್ಕಾರದ ವೈದ್ಯನ ಸೂಜಿಗೆ ತೋಳೊಡ್ಡುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಹಾಕಿಸಿಕೊಂಡವರು ಬದುಕುತ್ತಿದ್ದಾರೆ ಎಂಬುದನ್ನು ಓಣಿಯ ಜನ ಕಣ್ಣಾರೆ ಕಂಡರು. ನಂಬಿಕೆ ಹುಟ್ಟುವ ಆರೋಗ್ಯಕರ ರೀತಿ ಅದು.

ನಲವತ್ತು ಜಾತಕ, ಒಂದು ಪ್ರಶ್ನೆ

ಹೋಲಿಸಿ ನೋಡುವ ಈ ವಿಧಾನವನ್ನು ಜ್ಯೋತಿಷ್ಯಕ್ಕೆ ಒಡ್ಡಿದವರು ಖಗೋಳವಿಜ್ಞಾನಿ ಜಯಂತ ನಾರಳೀಕರ್. ಮುಂಬೈಯ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1972ರಿಂದ ದುಡಿದು, ಆಮೇಲೆ ಪುಣೆಯಲ್ಲಿ ಐಯುಕಾ ಎಂಬ ಖಗೋಳವಿಜ್ಞಾನ ಸಂಸ್ಥೆ ಕಟ್ಟಿದವರು ಅವರು. 2008ರಲ್ಲಿ ಸಂಖ್ಯಾಶಾಸ್ತ್ರಜ್ಞ ಸುಧಾಕರ ಕುಂಟೆ, ಒಂದು ಕಾಲಕ್ಕೆ ಸ್ವತಃ ಜ್ಯೋತಿಷ್ಯ ಅಭ್ಯಾಸ ಮಾಡಿದ್ದ ಪ್ರಕಾಶ ಘಾಟಪಾಂಡೆ ಮತ್ತು ಮೂಢನಂಬಿಕೆಗಳ ವಿರುದ್ಧ ದುಡಿಯುತ್ತಿದ್ದ ನರೇಂದ್ರ ದಾಭೋಲ್ಕರ್ ಜೊತೆ ಸೇರಿ ಒಂದು ಪರೀಕ್ಷೆ ರೂಪಿಸಿದರು. ಶಾಲೆಯಲ್ಲಿ ಚುರುಕಾಗಿದ್ದ 100 ಮಕ್ಕಳು, ಬುದ್ಧಿಮಾಂದ್ಯತೆಯುಳ್ಳ 100 ಮಕ್ಕಳು, ಇವರ ಜನನ ವಿವರ ಸಂಗ್ರಹಿಸಿ ಜಾತಕ ಸಿದ್ಧಪಡಿಸಿದರು. ಪ್ರತಿ ಜ್ಯೋತಿಷಿಗೂ ಕಲಸಿದ 40 ಜಾತಕ ಕಳುಹಿಸಿ, ಯಾವುದು ಯಾವ ಗುಂಪಿನ ಮಗುವಿನದು ಎಂದು ಹೇಳಲು ಕೇಳಿದರು.

ಆಸಕ್ತಿ ತೋರಿದವರು 51 ಮಂದಿ, ಉತ್ತರ ಕಳುಹಿಸಿದವರು 27. ನಾಣ್ಯ ಚಿಮ್ಮಿ ಹೇಳಿದರೂ ನಲವತ್ತರಲ್ಲಿ ಸುಮಾರು ಇಪ್ಪತ್ತು ಸರಿಯಾಗಬೇಕು. ಎಲ್ಲರಿಗಿಂತ ಹೆಚ್ಚು ಅಂಕ ಪಡೆದವರದು 24. ಸರಾಸರಿ ಶೇ 46ರ ಆಸುಪಾಸು. ಇನ್ನೂರು ಜಾತಕವನ್ನೂ ಪರಿಶೀಲಿಸಿದ ಒಂದು ಜ್ಯೋತಿಷ್ಯ ಸಂಸ್ಥೆಗೆ 102 ಸರಿ ಬಂದವು. ಫಲಿತಾಂಶ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನಾರಳೀಕರ್ ಈ ಪರೀಕ್ಷೆಯಲ್ಲಿ ಜ್ಯೋತಿಷಿಗಳಿಗೆ ಗೆಲ್ಲುವ ಅವಕಾಶ ಇಟ್ಟಿದ್ದರು. ನಲವತ್ತರಲ್ಲಿ ಮೂವತ್ತೈದು ಸರಿ ಹೇಳುವವರು ಹತ್ತು ಮಂದಿ ಸಿಕ್ಕಿದ್ದರೆ ಲೋಕದ ವಿಜ್ಞಾನಿಗಳೆಲ್ಲ ಪುಣೆಯತ್ತ ತಿರುಗಬೇಕಾಗುತ್ತಿತ್ತು.

ಕಾನೂನು ಅಷ್ಟು ಸ್ಪಷ್ಟವಾಗಿ ಮಾತಾಡಿಲ್ಲ. ಜ್ಯೋತಿಷ್ಯ, ವಾಸ್ತು ಜಾಹೀರಾತುಗಳನ್ನು ತಡೆಯಬೇಕೆಂದು ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2011ರ ಫೆಬ್ರವರಿಯಲ್ಲಿ ವಜಾ ಮಾಡಿತು. ಜ್ಯೋತಿಷ್ಯ 4,000 ವರ್ಷಗಳಿಂದ ನಡೆದುಬಂದ ನಂಬಿಕೆಯ ಶಾಸ್ತ್ರ ಎಂದು ಕೇಂದ್ರ ಸರ್ಕಾರವೇ ಅಲ್ಲಿ ಪ್ರಮಾಣಪತ್ರ ಸಲ್ಲಿಸಿತ್ತು. ಹತ್ತು ವರ್ಷಗಳ ಬಳಿಕ, 2021ರ ಜನವರಿಯಲ್ಲಿ, ಅದೇ ಹೈಕೋರ್ಟಿನ ಔರಂಗಾಬಾದ್ ಪೀಠ ಇನ್ನೊಂದು ಪ್ರಕರಣದಲ್ಲಿ, ಅತಿಮಾನುಷ ಶಕ್ತಿ ಇದೆ ಎಂದು ಹೇಳಿ ಯಂತ್ರ ತಾಯಿತಗಳನ್ನು ಟಿವಿಯಲ್ಲಿ ಮಾರುವುದು ಕಾನೂನುಬಾಹಿರ ಎಂದಿತು.

ಲೋಕಲ್ ರೈಲಿನ ಚೀಟಿ

ವಿರಾರ್ ಲೋಕಲ್ ಆಗಲಿ, ಕಲ್ಯಾಣ್ ಲೋಕಲ್ ಆಗಲಿ, ಎರಡನೇ ದರ್ಜೆ ಡಬ್ಬಿಯಲ್ಲಿ ಬಾಗಿಲ ಪಕ್ಕ ನಿಂತವರ ಕಣ್ಣಿಗೆ ಆ ಚೀಟಿ ಬಿದ್ದೇ ಬಿದ್ದಿರುತ್ತದೆ. ಅಂಗೈಯಗಲದ ಕಾಗದ, ಮೇಲೆ ಬಾಬಾ ಬಂಗಾಲಿ ಎಂಬ ಹೆಸರು, ಕೆಳಗೆ ಮೊಬೈಲ್ ನಂಬರ್. ಪ್ರೇಮವಿವಾಹ, ನೌಕರಿ, ಸವತಿಕಾಟ, ವಶೀಕರಣ, ಎಲ್ಲಕ್ಕೂ 24 ಗಂಟೆಯಲ್ಲಿ ಪರಿಹಾರದ ಗ್ಯಾರಂಟಿ. ರೈಲ್ವೆಯವರು ಕೆರೆದು ತೆಗೆಯುತ್ತಾರೆ, ಮತ್ತೆ ಅಂಟುತ್ತದೆ. ಮುರಿದ ಮದುವೆ, ಹೋದ ಕೆಲಸದ ದುಃಖವನ್ನು ಆ ಚೀಟಿ ವ್ಯಾಪಾರ ಮಾಡುತ್ತದೆ.

ಇಂಥ ವ್ಯಾಪಾರಕ್ಕೆ ಅಂಕುಶ ಹಾಕಲು ದುಡಿದವರು ವೈದ್ಯ ದಾಭೋಲ್ಕರ್. 1989ರಲ್ಲಿ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಕಟ್ಟಿ, ಕಾನೂನಿಗಾಗಿ ವರ್ಷಗಟ್ಟಲೆ ರಾಜ್ಯ ಸಚಿವಾಲಯವಾದ ಮಂತ್ರಾಲಯದ ಮೆಟ್ಟಿಲು ಹತ್ತಿಳಿದರು. 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ನಾಲ್ಕೇ ದಿನಗಳಲ್ಲಿ ಸುಗ್ರೀವಾಜ್ಞೆ ಹೊರಟಿತು, ಡಿಸೆಂಬರಿನಲ್ಲಿ ವಿಧಾನಮಂಡಲ ಕಾಯ್ದೆಯನ್ನು ಅಂಗೀಕರಿಸಿತು. ಕೊಲ್ಹಾಪುರದಲ್ಲಿ ಗುಂಡೇಟು ತಿಂದ ವಿಚಾರವಾದಿ ಗೋವಿಂದ ಪಾನ್ಸರೆ 2015ರ ಫೆಬ್ರವರಿ 20ರಂದು ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ವರ್ಷದ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲೇ ಸಂಶೋಧಕ ಎಂ. ಎಂ. ಕಲಬುರ್ಗಿ ಹತರಾದರು. ದಾಭೋಲ್ಕರ್ ಪ್ರಕರಣದಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆಯಾದದ್ದು 2024ರ ಮೇ 10ರಂದು. ಮೂವರು ಖುಲಾಸೆಯಾದರು. ಕರ್ನಾಟಕದ ಇಂಥದೇ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2020ರಲ್ಲಿ.

ಮಹಾರಾಷ್ಟ್ರದ ಕಾಯ್ದೆ ದೇವರ ಪೂಜೆಗೆ ಅಡ್ಡ ಬರುತ್ತದೆ ಎಂದು ಹೆದರಿಸಿದವರಿದ್ದರು. ಪಠ್ಯ ಓದಿದರೆ ಅಂಥದ್ದೇನೂ ಇಲ್ಲ. ಪೂಜೆ, ಭಜನೆ, ಕೀರ್ತನೆ, ಪಂಢರಪುರದ ವಾರಿ ಯಾತ್ರೆ ಯಾವುದಕ್ಕೂ ಅಡ್ಡಿಯಿಲ್ಲ. ಗೋರೆಗಾಂವ್, ಮಾಲಾಡ್ ಕಡೆ ಕನ್ನಡಿಗರ ಶನಿ ಪೂಜಾ ಸಮಿತಿಗಳು ಸೇರಿ ಶನಿಮಹಾತ್ಮೆ ಪಾರಾಯಣ ಮಾಡುವಾಗ, ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವಾಗ, ಯಾರ ಹಣವೂ ಮೋಸಹೋಗುವುದಿಲ್ಲ. ಬಾಂದ್ರಾದ ಮೌಂಟ್ ಮೇರಿಯಲ್ಲಿ ಮೇಣದ ಪುಟ್ಟ ಮನೆ, ಮೇಣದ ಕೈಕಾಲು ಹರಕೆ ಒಪ್ಪಿಸುವವರಲ್ಲಿ ಹಿಂದೂಗಳೂ ಇರುತ್ತಾರೆ. ಮಾಹಿಮ್ ದರ್ಗಾದ ಉರೂಸಿನಲ್ಲಿ ಮುಂಬೈ ಪೊಲೀಸರೇ ಮೆರವಣಿಗೆಯಲ್ಲಿ ಹೋಗಿ ಚಾದರ ಅರ್ಪಿಸುವ ಸಂಪ್ರದಾಯವಿದೆ. ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಶನಿವಾರ ಬೆಳಿಗ್ಗೆ ಒಂದು ಲಿಂಬೆ, ಏಳು ಹಸಿಮೆಣಸು ದಾರದಲ್ಲಿ ತೂಗುತ್ತವೆ. ಊರಿನಿಂದ ದೂರ ಬಂದು ಅನಿಶ್ಚಿತ ಬದುಕು ಕಟ್ಟಿಕೊಂಡವರಿಗೆ ಇವೆಲ್ಲ ಬೇಕು. ಇವು ಯಾವುದನ್ನೂ ಸಾಬೀತುಪಡಿಸುತ್ತೇವೆಂದು ಹೊರಟಿಲ್ಲ. ಇವಕ್ಕೆ ಪುರಾವೆ ಕೇಳುವ ಅಗತ್ಯವೂ ಇಲ್ಲ.

ಪ್ರಶ್ನೆ ಏಳುವುದು ನಂಬಿಕೆಗೆ ಬೆಲೆಚೀಟಿ ಅಂಟಿದಾಗ, ಅದು ಒಬ್ಬರ ಮೈಮೇಲೆ ಕೈ ಮಾಡಿದಾಗ, ಅಥವಾ ಚಿಕಿತ್ಸೆಯ ಹೊತ್ತನ್ನು ತಿಂದಾಗ. ಕಾಯ್ದೆಯ ಪಟ್ಟಿಯಲ್ಲಿ ಒಂದು ಅಂಶವಿದೆ: ಹಾವು, ಚೇಳು, ನಾಯಿ ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಅಪರಾಧ. ಶಿಕ್ಷೆ ಆರು ತಿಂಗಳಿಂದ ಏಳು ವರ್ಷ.

ಹಾವಿನ ಮಂತ್ರ ಎಷ್ಟೋ ಸಲ ‘ಫಲಿಸುವುದು’ ಯಾಕೆಂದು ತಿಳಿದರೆ ಈ ಅಂಶದ ಮಹತ್ವ ತಿಳಿಯುತ್ತದೆ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ, ಗೋರೆಗಾಂವ್‌ನ ಆರೆ ಕಾಲೊನಿಯಲ್ಲಿ ಮಳೆಗಾಲದಲ್ಲಿ ಹಾವು ಮನೆಯೊಳಗೆ ಬರುತ್ತದೆ. ಅವುಗಳಲ್ಲಿ ಕೇರೆಹಾವು, ನೀರುಹಾವಿನಂಥ ವಿಷವಿಲ್ಲದವು ಬಹಳ. ವಿಷದ ಹಾವು ಕಚ್ಚಿದರೂ ಕೆಲವೊಮ್ಮೆ ವಿಷವನ್ನು ಮೈಗೆ ಸೇರಿಸಿರುವುದಿಲ್ಲ. ಆ ಎಲ್ಲರೂ ಮಂತ್ರ ಹಾಕಿಸಿದರೂ ಬದುಕುತ್ತಾರೆ, ಹಾಕಿಸದಿದ್ದರೂ ಬದುಕುತ್ತಾರೆ. ಬದುಕಿದವರು ಮಂತ್ರವಾದಿಯ ಹೆಸರನ್ನು ಊರಿಡೀ ಹೇಳುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಬೈಕಲಾ ಜೈಲಿನಲ್ಲಿ ಹಾಫ್ಕಿನ್ ಮಾಡಿದ ಹೋಲಿಕೆ ಮಾತ್ರ ಇಲ್ಲಿ ನಡೆದಿರುವುದಿಲ್ಲ.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರಲ್ಲಿ ಒಂದು ಕಚ್ಚಿ ವಿಷವನ್ನು ಮೈಗೆ ಸೇರಿಸಿದ್ದರೆ ಮಂತ್ರಕ್ಕೆ ಕಳೆದ ಪ್ರತಿ ನಿಮಿಷವೂ ಜೀವದ ಲೆಕ್ಕಕ್ಕೆ ಹೋಗುತ್ತದೆ. ಕಟ್ಟುಹಾವಿನ ಕಡಿತ ರಾತ್ರಿ ನಿದ್ದೆಯಲ್ಲಿ ನೋವೇ ಕೊಡದಿರಬಹುದು, ಉಸಿರಾಟ ನಿಲ್ಲತೊಡಗುವುದು ಗಂಟೆಗಳ ಬಳಿಕ. ಇದಕ್ಕೆ ಮದ್ದು ಪ್ರತಿವಿಷ. ಅದನ್ನು ತಯಾರಿಸುವ ಸಂಸ್ಥೆಗಳಲ್ಲಿ ಪರೇಲಿನ ಹಾಫ್ಕಿನ್ ಹೆಸರಿನದೂ ಒಂದು. ಕುದುರೆಗಳಿಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅವುಗಳ ರಕ್ತದಲ್ಲಿ ಬೆಳೆದ ಪ್ರತಿಕಾಯಗಳಿಂದ ಅದನ್ನು ಮಾಡುತ್ತಾರೆ. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು, ಬಿಗಿಯಾಗಿ ಕಟ್ಟದೆ, ಕೊಯ್ಯದೆ, 108 ಆಂಬುಲೆನ್ಸ್ ಕರೆದು ಪ್ರತಿವಿಷ ಇರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಯವರಿಗೆ ಮಂತ್ರ ಹಾಕಿಸಲೇಬೇಕು ಎನಿಸಿದರೆ ಕಾಯ್ದೆ ಅದನ್ನೂ ತಡೆಯುವುದಿಲ್ಲ, ರೋಗಿ ಆಸ್ಪತ್ರೆ ಸೇರುವುದು ತಡವಾಗಬಾರದು ಎಂಬುದಷ್ಟೇ ಅದರ ಬೇಡಿಕೆ.